ಗಿನಿಯಿಲಿಯ ಕಚ್ಚುವ ವರ್ತನೆ

ಗಿನಿಯಿಲಿ ಅಥವಾ ಗಿನಿ ಪಿಗ್ (ವೈಜ್ಞಾನಿಕ ನಾಮ: ಕೇವಿಯ ಪೋರ್ಸೆಲಸ್) ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಜನರು ಆಹಾರಕ್ಕಾಗಿ ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ ದಂಶಕ ಪ್ರಾಣಿ. ಹೆಸರು ಏನೇ ಇರಲಿ, ಇದು ಗಿನಿ ದೇಶದ್ದೂ ಅಲ್ಲ, ಹಂದಿಯೂ ಅಲ್ಲ. 16ನೆಯ ಶತಮಾನದಲ್ಲಿ ಯುರೋಪನ್ನು ತಲುಪಿದ ಬಳಿಕ ಮುದ್ದಿನ ಪ್ರಾಣಿಯಾಗಿ ಹಲವು ದೇಶಗಳಿಗೆ ಹರಡಿತು. ಇದು ಸ್ವಭಾವತಃ ಸಾಧು. ಅಪಾಯ ಕಂಡಾಗ ಓಡಿ ಅಡಗುವುದು ಇಲ್ಲವೆ ಕಲ್ಲಿನಂತೆ ನಿಶ್ಚಲವಾಗುವುದು ಇದರ ರಕ್ಷಣಾಕ್ರಮ. ಬೇರೆ ದಾರಿ ಕಾಣದಿದ್ದಾಗ ಮಾತ್ರ ಕಚ್ಚುತ್ತದೆ. ಆದುದರಿಂದ ಸಾಕಿದ ಗಿನಿಯಿಲಿಯ ಕಡಿತಕ್ಕೆ ಭಯ, ನೋವು ಅಥವಾ ತಪ್ಪುಗ್ರಹಿಕೆ ಕಾರಣವಾಗಿರುತ್ತದೆಯೇ ಹೊರತು ದುಷ್ಟತನವಲ್ಲ.

ಮೆಲ್ಲುವುದು ಮತ್ತು ಕಚ್ಚುವುದು

ಗಿನಿಯಿಲಿಗೆ 20 ಹಲ್ಲುಗಳಿದ್ದು, ಅವೆಲ್ಲವೂ ಜೀವಮಾನವಿಡೀ ಬೆಳೆಯುತ್ತಿರುತ್ತವೆ. ಒಣಹುಲ್ಲನ್ನು ಅಗಿಯುವುದರಿಂದ ಅವು ಸವೆಯುತ್ತವೆ. ಎದುರಾದ ವಸ್ತುವನ್ನು ಬಾಯಿಯಿಂದ ಪರೀಕ್ಷಿಸುವುದು ಇದರ ಸಹಜ ಅಭ್ಯಾಸವಾದುದರಿಂದ, ಚರ್ಮ ಒಡೆಯದಂತೆ ಬೆರಳನ್ನು ಹಿಡಿದು ಬಿಡುವುದನ್ನು ಕಡಿತವೆಂದು ಎಣಿಸಬಾರದು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವ ಕಾರಣ ಮೂಗಿನ ನೇರ ಮುಂದಿರುವುದು ಅದಕ್ಕೆ ಕಾಣಿಸದು. ಕೊತ್ತಂಬರಿ ಸೊಪ್ಪಿನ ವಾಸನೆ ಕೈಯಲ್ಲಿ ಉಳಿದಿದ್ದರೆ ಬೆರಳನ್ನೂ ಸೊಪ್ಪೆಂದೇ ಭಾವಿಸುತ್ತದೆ. ಪಂಜರದ ಸರಳುಗಳ ನಡುವೆ ತಿನಿಸು ತೂರಿಸುವ ರೂಢಿ ಈ ತಪ್ಪನ್ನು ಹೆಚ್ಚಿಸುತ್ತದೆ. ತೊಡೆಯ ಮೇಲೆ ಕುಳಿತಾಗ ಬಟ್ಟೆಯನ್ನು ಜಗ್ಗುವುದು ಬಹುಮಟ್ಟಿಗೆ ಮೂತ್ರ ವಿಸರ್ಜನೆಗಾಗಿ ಕೆಳಗಿಳಿಯುವ ಕೋರಿಕೆ.

ನಿಜವಾದ ಕಡಿತ ಗಟ್ಟಿಯಾಗಿದ್ದು ರಕ್ತ ಬರಿಸುತ್ತದೆ. ಸಾಮಾನ್ಯವಾಗಿ ಅದಕ್ಕೆ ಮುನ್ನ ಸೂಚನೆಗಳು ಕಾಣಿಸಿಕೊಳ್ಳುತ್ತವೆ: ಮೈ ಬಿಗಿಯುವುದು, ಮುಟ್ಟಿದ ಕೈಯನ್ನು ತಲೆ ಮೇಲೆತ್ತಿ ಕೊಡವುವುದು, ಹಲ್ಲುಗಳನ್ನು ಕಟಕಟನೆ ಮಸೆಯುವುದು. ಈ ಕಟಕಟ ಸದ್ದು ಚಳಿಯ ನಡುಕವಲ್ಲ, ಎಚ್ಚರಿಕೆ. ಚಳಿಯೆಂದು ಬಗೆದು ಇನ್ನಷ್ಟು ಅಪ್ಪಿಕೊಂಡರೆ ಕಚ್ಚಿಸಿಕೊಳ್ಳಬೇಕಾದೀತು.

ನೋವಿನ ಸಾಧ್ಯತೆ

ಸೌಮ್ಯವಾಗಿದ್ದ ಗಿನಿಯಿಲಿ ಒಮ್ಮೆಲೇ ಕಚ್ಚತೊಡಗಿದರೆ ಮೊದಲು ಶಂಕಿಸಬೇಕಾದುದು ಕಾಯಿಲೆಯನ್ನು. ಬೇಟೆಗೆ ಗುರಿಯಾಗುವ ಪ್ರಾಣಿಗಳು ನೋವನ್ನು ಮುಚ್ಚಿಡುತ್ತವೆ. ಕೆಲವೊಮ್ಮೆ ಕಡಿತವೇ ರೋಗದ ಮೊದಲ ಲಕ್ಷಣವಾಗಿರುತ್ತದೆ. ಚರ್ಮದೊಳಗೆ ಬಿಲ ಕೊರೆಯುವ ನುಸಿಗಳು ತೀವ್ರ ತುರಿಕೆಯನ್ನುಂಟುಮಾಡಿ, ಬೆನ್ನು ಸವರಿದರೂ ಸಹಿಸದ ಸ್ಥಿತಿಗೆ ತರುತ್ತವೆ. ಮೂತ್ರಕೋಶದ ಕಲ್ಲು, ಹಲ್ಲಿನ ಅತಿಬೆಳವಣಿಗೆ ಇತರ ಕಾರಣಗಳು. ಮನುಷ್ಯನಂತೆ ಗಿನಿಯಿಲಿಯ ದೇಹವೂ ಸಿ ಜೀವಸತ್ವವನ್ನು ತಯಾರಿಸಲಾರದು. ಅದರ ಕೊರತೆಯಿಂದ ಸ್ಕರ್ವಿ ಉಂಟಾಗಿ ಕೀಲುಗಳು ಊದಿಕೊಂಡಾಗ ಎತ್ತಿಕೊಳ್ಳುವುದೇ ಯಾತನೆಯಾಗುತ್ತದೆ. ದೊಣ್ಣೆ ಮೆಣಸಿನಕಾಯಿ ಈ ಜೀವಸತ್ವದ ಉತ್ತಮ ಮೂಲ. ತೂಕ ಇಳಿಕೆ, ಕೂದಲು ಉದುರುವಿಕೆ, ಆಹಾರ ನಿರಾಕರಣೆ ಜೊತೆಗಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಲು ತಡಮಾಡಬಾರದು. ಮೇವು ಬಿಟ್ಟ ಗಿನಿಯಿಲಿ ಬಲುಬೇಗ ನಿತ್ರಾಣಗೊಳ್ಳುತ್ತದೆ.

ನಿರ್ವಹಣೆ

ಹೊಡೆಯುವುದು, ಗದರುವುದು, ಮುಖಕ್ಕೆ ಗಾಳಿ ಊದುವುದು ಮುಂತಾದ ಶಿಕ್ಷೆಗಳು ಭಯವನ್ನು ಹೆಚ್ಚಿಸಿ ಮುಂದಿನ ಕಡಿತಕ್ಕೆ ದಾರಿಮಾಡುತ್ತವೆ. ಮೇಲಿನಿಂದ ಇಳಿದುಬರುವ ಕೈ ಅದಕ್ಕೆ ಎರಗುವ ಹದ್ದಿನಂತೆ ತೋರುವುದರಿಂದ, ಕೈಯನ್ನು ಪಕ್ಕದಿಂದ, ಕಾಣುವಂತೆ ಚಾಚಬೇಕು. ಮುಟ್ಟುವ ಮೊದಲು ಕೈ ತೊಳೆಯಬೇಕು. ಒಂದು ಕೈ ಎದೆಯ ಕೆಳಗೂ ಇನ್ನೊಂದು ಹಿಂಭಾಗದ ಕೆಳಗೂ ಇರುವಂತೆ ಎತ್ತಿ, ಮೈಗೆ ಆನಿಸಿ ಹಿಡಿಯಬೇಕು. ಮಕ್ಕಳು ನೆಲದ ಮೇಲೆ ಕುಳಿತೇ ಎತ್ತಿಕೊಳ್ಳುವುದು ಲೇಸು. ಕಚ್ಚಿಸಿಕೊಂಡ ಗಾಬರಿಯಲ್ಲಿ ಕೈಬಿಟ್ಟರೆ ಪ್ರಾಣಿಯ ಮೂಳೆ ಮುರಿಯಬಹುದು. ಹೊಸದಾಗಿ ತಂದ ಗಿನಿಯಿಲಿಗೆ ಅಡಗುತಾಣ ಒದಗಿಸಿ, ಕೆಲವು ದಿನ ಅದರ ಪಾಡಿಗೆ ಬಿಟ್ಟು, ಅನಂತರ ಕೈಯಿಂದ ಸೊಪ್ಪು ತಿನ್ನಿಸುತ್ತ ಪರಿಚಯ ಬೆಳೆಸುವುದು ಸೂಕ್ತ. ಗಂಡುಗಳೆರಡು ಕಾದಾಡುತ್ತಿರುವಾಗ ಬರಿಗೈ ಹಾಕದೆ, ದಪ್ಪ ಬಟ್ಟೆಯಿಂದ ಬೇರ್ಪಡಿಸಬೇಕು.

ಗಾಯಕ್ಕೆ ಚಿಕಿತ್ಸೆ

ಕಚ್ಚಿದ ಜಾಗವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಗಾಯ ಆಳವಾಗಿದ್ದರೆ, ಬಾವು ಅಥವಾ ಕೀವು ಕಂಡರೆ ವೈದ್ಯರನ್ನು ಕಾಣಬೇಕು. ಧನುರ್ವಾಯು ಚುಚ್ಚುಮದ್ದಿನ ಅಗತ್ಯವನ್ನೂ ಅವರು ನಿರ್ಧರಿಸುತ್ತಾರೆ. ಗಿನಿಯಿಲಿಯಂತಹ ಸಣ್ಣ ದಂಶಕಗಳಿಂದ ರೇಬೀಸ್ ತಗಲುವುದು ಅತಿ ವಿರಳ.