ಕಾಣೆಯಾದ ಒಂದು ಕೀಲಿ

ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ಬೇಸಿಗೆ ರಜೆಗೆಂದು ಕೊಡೇಕಲ್ಲಿಗೆ ಬಂದವನು, ಹೋಗುವಾಗ ತನ್ನ ಆಟದ ಕೀಲಿಮಣೆಯನ್ನು ನನ್ನ ಗಣಕಯಂತ್ರಕ್ಕೆ ಜೋಡಿಸಿ ಹೋದ. ಗೇಣಿಗಿಂತ ತುಸು ಉದ್ದದ ಗಟ್ಟಿ ಮಣೆ. ಸಾಮಾನ್ಯ ಕೀಲಿಮಣೆಯ 104 ಕೀಲಿಗಳ ಜಾಗದಲ್ಲಿ ಇದಕ್ಕೆ ಕೇವಲ 61. ಒತ್ತಿದೊಡನೆ ಟಕ್ಕೆನ್ನುವ ಆ ಸದ್ದಿಗೆ ನನಗೆ 1980ರ ದಶಕದ ತಾಲ್ಲೂಕು ಕಚೇರಿಯ ಬೆರಳಚ್ಚು ಯಂತ್ರ ನೆನಪಾಯಿತು.

ಅಗ್ಗದ ಕೀಲಿಮಣೆಯಲ್ಲಿ ಕೀಲಿಗಳ ಕೆಳಗೆ ಒಂದೇ ರಬ್ಬರ್ ಹಾಳೆ ಇರುತ್ತದೆ. ಇದರಲ್ಲಿ ಪ್ರತಿ ಕೀಲಿಗೂ ತನ್ನದೇ ಸ್ವಿಚ್ಚು, ತನ್ನದೇ ಸ್ಪ್ರಿಂಗು. ಸಾಮಾನ್ಯವಾಗಿ ನಾಲ್ಕು ಮಿಲಿಮೀಟರ್ ಇಳಿಯುವ ಕೀಲಿ ಎರಡು ಮಿಲಿಮೀಟರ್ ಇಳಿಯುವಷ್ಟರಲ್ಲೇ ಕೆಲಸ ಮಾಡುತ್ತದೆ. ಮಣೆ ಚಿಕ್ಕದಾದರೆ ಮೌಸ್ ಆಡಿಸಲು ಮೇಜಿನ ಮೇಲೆ ಹೆಚ್ಚು ಜಾಗ. ಆಟಗಾರನಿಗೆ ಇವೆರಡೂ ಲಾಭ. ನನ್ನ ಬೆರಳುಗಳಿಗೂ ಅದು ಹಿತವಾಗಿಯೇ ಇತ್ತು.

ತೊಡಕು ಎದುರಾದದ್ದು ನೆರೆಮನೆಯ ರೈತರು ಬೆಳೆ ಪರಿಹಾರದ ಅರ್ಜಿಗೆಂದು ಬಂದಾಗ. ಮರುದಿನವೇ ಕೊನೆಯ ದಿನ. “ಸಾಹೇಬ್ರ, ಕನ್ನಡದಾಗ ಬರೀರಿ, ನನ್ನ ಮಗಳೂ ಓದಿ ತಿಳ್ಕೊಳ್ಳಲಿ” ಎಂದರು. ನಾನು ಇಂದಿಗೂ ಬಳಸುವ ಹಳೆಯ ನುಡಿ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಸ್ಕ್ರೋಲ್ ಲಾಕ್ ಒತ್ತಬೇಕು. ಹೊಸ ಮಣೆಯಲ್ಲಿ ಆ ಕೀಲಿಯೇ ಇರಲಿಲ್ಲ. ಮೊಮ್ಮಗನಿಗೆ ದೂರವಾಣಿ ಮಾಡಿದರೆ, “ಅಜ್ಜಾ, ಆ ಕೀಲಿ ಯಾರಿಗೆ ಬೇಕು?” ಎಂದು ನಕ್ಕ. ಕೊನೆಗೆ ಅರ್ಜಿಯನ್ನು ಕೈಯಲ್ಲೇ ಬರೆದುಕೊಟ್ಟೆ.

ಅರ್ಥಶಾಸ್ತ್ರ ಓದಿದವನಿಗೆ ಇದು ಪರಿಚಿತ ವಿಷಯ. 1870ರ ದಶಕದ ಬೆರಳಚ್ಚು ಯಂತ್ರದ ಅಕ್ಷರ ಜೋಡಣೆ ಇಂದಿಗೂ ಉಳಿದಿರುವುದನ್ನೇ ಉದಾಹರಿಸಿ, ಒಮ್ಮೆ ರೂಢಿಯಾದ ಮಾನಕದಿಂದ ಹೊರಬರುವುದು ಎಷ್ಟು ಕಠಿಣವೆಂದು ಪಾಲ್ ಡೇವಿಡ್ 1985ರಲ್ಲಿ ವಾದಿಸಿದರು. 1990ರಲ್ಲಿ ಲೀಬೋವಿಟ್ಸ್ ಮತ್ತು ಮಾರ್ಗೋಲಿಸ್ ಅದನ್ನು ಪ್ರಶ್ನಿಸಿದರು. ವಾದವೇನೇ ಇರಲಿ, ರೂಢಿಯನ್ನು ರೂಪಿಸುವವರ ಕಣ್ಣಿಗೆ ಬೀಳದವರ ಅಗತ್ಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನ್ನ ಸೇವಾವಧಿಯ ಅನುಭವ.

ಈ ವಿಷಯದಲ್ಲಿ ಕನ್ನಡ ಭಾಗ್ಯಶಾಲಿ. ಕೆ.ಪಿ. ರಾವ್ ಅವರು ನಮ್ಮ ವರ್ಣಮಾಲೆಯನ್ನು ಇಂಗ್ಲಿಷಿನ 26 ಅಕ್ಷರ ಕೀಲಿಗಳಲ್ಲೇ ಅಳವಡಿಸಿದರು. ‘ಕ’ ಇರುವ ಕೀಲಿಯನ್ನು ಶಿಫ್ಟ್ ಜೊತೆ ಒತ್ತಿದರೆ ‘ಖ’; ಒತ್ತಕ್ಷರಕ್ಕೆ ಮತ್ತೊಂದು ಕೀಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಇದನ್ನೇ ಆಧರಿಸಿದೆ. ಆದ್ದರಿಂದ ಮಣೆ ಎಷ್ಟೇ ಕುಗ್ಗಿದರೂ ಅಕ್ಷರಗಳಿಗೆ ಕುಂದಿಲ್ಲ. ಕಾಣೆಯಾದದ್ದು ಕನ್ನಡದ ಮನೆಯಲ್ಲ, ಅದರ ಬಾಗಿಲು.

ಪರಿಹಾರ ದುಬಾರಿಯೇನಲ್ಲ. ಭಾಷೆ ಬದಲಿಸುವ ಕೀಲಿಯನ್ನು ಬಳಕೆದಾರನೇ ಆರಿಸಿಕೊಳ್ಳುವಂತೆ ಎಲ್ಲ ಕನ್ನಡ ತಂತ್ರಾಂಶಗಳೂ ಇರಬೇಕು. ಕಚೇರಿಗಳಿಗೆ ಗಣಕಯಂತ್ರ ಖರೀದಿಸುವಾಗ ಬೆಲೆಯೊಂದನ್ನೇ ನೋಡದೆ, ಕನ್ನಡದ ಒಂದು ಅರ್ಜಿಯನ್ನು ಅದರಲ್ಲಿ ಬರೆದು ನೋಡಿಯೇ ಒಪ್ಪಬೇಕು.

ನಮ್ಮೂರಿನ ಕೊಡೇಕಲ್ ಬಸವಣ್ಣನವರ ಪರಂಪರೆಯಲ್ಲಿ ಕಾಲಜ್ಞಾನ ವಚನಗಳನ್ನು ಅಮರಗನ್ನಡವೆಂಬ ಗೂಢಲಿಪಿಯಲ್ಲಿ ಬರೆದಿಟ್ಟರು. ಅದು ಸಾಧಕರ ಆಯ್ಕೆ. ಪರಿಹಾರ ಕೇಳುವ ರೈತನ ಕನ್ನಡಕ್ಕೆ ಅಂಥ ಗುಟ್ಟು ಬೇಡ. ಮೊಮ್ಮಗನ ಮಣೆಯನ್ನು ಈಗ ಕಪಾಟಿನಲ್ಲಿಟ್ಟು, ಹಳೆಯದನ್ನೇ ಮತ್ತೆ ಜೋಡಿಸಿಕೊಂಡಿದ್ದೇನೆ.