ಜಾತ್ರೆಗೆ ಹೊರಟಿರಾ? ಮಾತ್ರೆ ಮರೆಯದಿರಿ

ನಂಜನಗೂಡಿನ ದೊಡ್ಡ ಜಾತ್ರೆಗೋ, ತಿ. ನರಸೀಪುರದ ಕುಂಭಮೇಳಕ್ಕೋ ಹೊರಡುವವರು ಬುತ್ತಿ ಮರೆಯುವುದಿಲ್ಲ, ಮರೆಯುವುದು ಮಾತ್ರೆಯನ್ನು. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಎರಡು ದಿನಕ್ಕೆ ಹೆಚ್ಚಾಗುವಷ್ಟು ಮಾತ್ರೆ, ವೈದ್ಯರ ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಇನ್ಸುಲಿನ್ ಅನ್ನು ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡಬಾರದು.

ದರ್ಶನದವರೆಗೆ ಉಪವಾಸವಿರುವವರು ಮಾತ್ರೆಯ ಹೊತ್ತು, ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ ಬಂದರೆ ಸಾಲಿನಲ್ಲೇ ಸಕ್ಕರೆ ತಿನ್ನಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಕಾದ ಕಲ್ಲು ಸುಟ್ಟರೂ ತಿಳಿಯದು. ರಾತ್ರಿ ಅಂಗಾಲು ನೋಡಿಕೊಳ್ಳಿ.

ಭೇದಿಯಾದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದಲ್ಲಿ ಸೂಚಿಸಿದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಕುಡಿಯಿರಿ. ಕಪಿಲೆ, ಕಾವೇರಿಯ ನೀರು ಮೀಯಲು, ಹಾಗೆಯೇ ಕುಡಿಯಲಿಕ್ಕಲ್ಲ.

ನಂಜುಂಡನಿಗೆ ‘ಹಕೀಂ’ ಎಂಬ ಹೆಸರುಂಟು, ನಿಜ. ಆದರೂ ಮಾತ್ರೆ ನಿಮ್ಮ ಚೀಲದಲ್ಲಿರಲಿ.