ಸಾಕುಮೊಲಗಳಿಗೆ ಓಟ್ಸ್ ಧಾನ್ಯ: ಅದರ ಗುಣವೂ ಮಿತಿಯೂ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಸುತ್ತಣ ಗ್ರಾಮಗಳಲ್ಲಿ ಎತ್ತು, ಎಮ್ಮೆ, ಕುರಿ, ಆಡುಗಳ ಪಾಲನೆಯು ಹಿಂದಿನಿಂದಲೂ ನಡೆದುಬಂದಿರುವುದು. ಇವುಗಳಿಗೆ ಯಾವ ಕಾಲದಲ್ಲಿ ಯಾವ ಮೇವನ್ನು ಎಷ್ಟು ಹಾಕಬೇಕೆಂಬುದನ್ನು ಇಲ್ಲಿಯ ಒಕ್ಕಲಿಗರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಆದರೆ ಮಕ್ಕಳ ಪ್ರೀತಿಗಾಗಿ ಮನೆಗೆ ತರುವ ಬಿಳಿಯ ಸಾಕುಮೊಲದ ಸಂಗತಿಯು ಬೇರೆ. ಅದರ ಹೊಟ್ಟೆಯ ರೀತಿಯನ್ನು ಅರಿಯದೆ, ಕಾಳು ತಿಂದರೆ ಪುಷ್ಟಿಯಾದೀತೆಂಬ ನಂಬಿಕೆಯಿಂದ ಜೋಳವನ್ನೋ ಗೋಧಿಯನ್ನೋ ಪೇಟೆಯಿಂದ ತಂದ ಓಟ್ಸನ್ನೋ ಬೊಗಸೆ ತುಂಬ ಹಾಕುವುದುಂಟು. ಮೊಲವು ಆಸೆಯಿಂದ ತಿನ್ನುವುದು. ಒಂದೆರಡು ದಿವಸಗಳಲ್ಲಿ ಸತ್ತುಬೀಳುವುದೂ ಉಂಟು. ಪ್ರೀತಿಯಿಂದ ಹಾಕಿದ ಕಾಳೇ ಸಾವಿಗೆ ಕಾರಣವಾಯಿತೆಂದು ಮನೆಯವರಿಗೆ ತಿಳಿಯುವುದೇ ಇಲ್ಲ.

ಈ ವಿಷಯವನ್ನು ತಿಳಿಯಲು ಒಂದು ಪರಿಚಿತ ಉದಾಹರಣೆಯು ಸಾಕು. ರಾಶಿಯ ಕಾಲದಲ್ಲಿ ಕುರಿಯೊಂದು ಕಣಕ್ಕೆ ನುಗ್ಗಿ ಹೊಟ್ಟೆ ಬಿರಿಯುವಂತೆ ಜೋಳವನ್ನು ತಿಂದರೆ ಏನಾಗುವುದೆಂಬುದನ್ನು ಬಲ್ಲವರು ಬಹು ಮಂದಿ. ಕಾಳಿನ ಪಿಷ್ಟವು ಹೊಟ್ಟೆಯಲ್ಲಿ ವೇಗವಾಗಿ ಹುಳಿಯಾಗಿ, ಕುರಿಯು ಮೆಲುಕು ಹಾಕುವುದನ್ನು ಬಿಟ್ಟು ಮಲಗುವುದು. ಸಕಾಲದಲ್ಲಿ ಚಿಕಿತ್ಸೆಯಾಗದಿದ್ದರೆ ಸಾಯುವುದು. ಮೊಲವು ಮೆಲುಕು ಹಾಕುವ ಪ್ರಾಣಿಯಲ್ಲದಿದ್ದರೂ ಅದಕ್ಕೆ ಒದಗುವ ಅಪಾಯವು ಇದೇ ಜಾತಿಯದು.

ಮೊಲದ ಜೀರ್ಣಕ್ರಮ:— ಮೊಲದ ದೊಡ್ಡ ಕರುಳಿನ ಆರಂಭದಲ್ಲಿ ಒಂದು ದೊಡ್ಡ ಚೀಲವಿರುವುದು. ಅದರಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಯಿಸಿ ಸತ್ತ್ವವನ್ನು ಬಿಡಿಸಿಕೊಡುವುವು. ಹೀಗೆ ಸಿದ್ಧವಾದ ಮೆತ್ತನೆಯ ಹಿಕ್ಕೆಯನ್ನು ಮೊಲವು ಮತ್ತೊಮ್ಮೆ ತಾನೇ ತಿಂದು ಅದರಲ್ಲಿಯ ಜೀವಸತ್ತ್ವಗಳನ್ನು ಪಡೆಯುವುದು. ಇದು ರೋಗವಲ್ಲ, ಸಹಜಧರ್ಮ. ಇದನ್ನು ಕಂಡು ಅಸಹ್ಯಪಟ್ಟು ತಡೆಯಕೂಡದು. ಕರುಳು ಸದಾ ಚಲಿಸುತ್ತಿರಲು ಉದ್ದ ನಾರಿನ ಮೇವು ಅವಶ್ಯ. ನಾರು ಕಡಿಮೆಯಾಗಿ ಪಿಷ್ಟವು ಹೆಚ್ಚಿದರೆ ಕರುಳು ಮಂದವಾಗುವುದು. ಒಳ್ಳೆಯ ಸೂಕ್ಷ್ಮಜೀವಿಗಳು ಕುಗ್ಗಿ ವಿಷವನ್ನುಂಟುಮಾಡುವ ಜಾತಿಗಳು ಬೆಳೆಯುವುವು. ಮೊಲವು ವಾಂತಿಮಾಡಲಾರದಾದುದರಿಂದ ಒಳಗೆ ಹೋದ ತಪ್ಪು ಆಹಾರವನ್ನು ಹೊರಹಾಕಲು ಅದಕ್ಕೆ ಬೇರೆ ದಾರಿಯಿಲ್ಲ. ಇದಲ್ಲದೆ ಅದರ ಮುಂಬಲ್ಲುಗಳು ವಾರಕ್ಕೆ ಸುಮಾರು ೨ ಮಿಲಿಮೀಟರಿನಂತೆ ಜೀವಮಾನವೆಲ್ಲ ಬೆಳೆಯುತ್ತಲೇ ಇರುವುವು. ಹುಲ್ಲನ್ನು ಬಹುಹೊತ್ತು ಅಗಿಯುವುದರಿಂದ ಹಲ್ಲುಗಳು ಸವೆದು ಸರಿಯಾಗಿರುವುವೇ ಹೊರತು ಕಾಳನ್ನು ಕಡಿಯುವುದರಿಂದ ಅಲ್ಲ.

ಓಟ್ಸಿನ ಗುಣ:— ಓಟ್ಸ್ ಅಥವಾ ತೋಕೆಗೋಧಿಯು ತಂಪು ಸೀಮೆಯ ಬೆಳೆ. ಯೂರೋಪಿನಲ್ಲಿ ಬಹುಕಾಲದಿಂದ ಕುದುರೆಗಳ ದಾಣಿಯಾಗಿ ಪ್ರಸಿದ್ಧವಾದುದು. ಸಿಪ್ಪೆಯಿರುವ ಓಟ್ಸಿನಲ್ಲಿ ನೂರಕ್ಕೆ ಸುಮಾರು ೧೦ ಭಾಗ ನಾರಿರುವುದು. ಜೋಳದಲ್ಲಾದರೋ ೨ ಭಾಗದಷ್ಟು ಮಾತ್ರ. ಪಿಷ್ಟವು ಜೋಳದಲ್ಲಿ ೭೦ರ ಸಮೀಪದಲ್ಲಿದ್ದರೆ, ಸಿಪ್ಪೆಯ ಓಟ್ಸಿನಲ್ಲಿ ಸುಮಾರು ೪೦. ಆದುದರಿಂದ ಧಾನ್ಯಗಳ ಪೈಕಿ ಓಟ್ಸು ಮೊಲಕ್ಕೆ ಕಡಿಮೆ ಅಪಾಯದ್ದೆಂದು ಎಣಿಸಲ್ಪಟ್ಟಿದೆ. ಆದರೆ ಕಡಿಮೆ ಅಪಾಯದ ವಸ್ತುವೆಂದರೆ ಹೊಟ್ಟೆತುಂಬ ಹಾಕತಕ್ಕ ವಸ್ತುವೆಂದು ಅರ್ಥವಲ್ಲ.

ಕೊಡತಕ್ಕ ಪ್ರಮಾಣ:— ಪೂರ್ಣ ಬೆಳೆದ, ಆರೋಗ್ಯವಾದ, ೨ ಕಿಲೋಗ್ರಾಮಿಗೆ ಮೇಲ್ಪಟ್ಟ ಮೊಲಕ್ಕೆ ಒಂದು ಸಲಕ್ಕೆ ಚಹಾದ ಚಮಚೆಯಲ್ಲಿ ಒಂದು ಚಮಚೆ, ವಾರಕ್ಕೆ ಒಂದೆರಡು ಸಲ ಕೊಟ್ಟರೆ ಸಾಕು. ಮೊದಲ ಸಲ ನಾಲ್ಕಾರು ಕಾಳುಗಳನ್ನು ಮಾತ್ರ ಕೊಟ್ಟು, ಮರುದಿವಸ ಹಿಕ್ಕೆಯು ಗಟ್ಟಿಯಾಗಿ ದುಂಡಗಿರುವುದೇ ಎಂದು ನೋಡಿ ಮುಂದುವರಿಸತಕ್ಕದ್ದು. ಮೂರು ತಿಂಗಳೊಳಗಿನ ಮರಿಗಳಿಗೂ, ಬೊಜ್ಜು ಬೆಳೆದ ಮೊಲಗಳಿಗೂ, ಭೇದಿಯಾಗುತ್ತಿರುವವುಗಳಿಗೂ ತಿನಿಸಾಗಿ ಕೊಡಲೇಕೂಡದು. ಹಾಲೂಡುವ ತಾಯಿಗೂ ಬಡಕಲಾದ ಮೊಲಕ್ಕೂ ಸ್ವಲ್ಪ ಹೆಚ್ಚಾಗಿ ಬೇಕಾದೀತು. ಅದನ್ನು ಪಶುವೈದ್ಯರ ಮಾತಿನಂತೆ ನಡೆಸುವುದು ಲೇಸು. ಪೇಟೆಯಲ್ಲಿ ದೊರೆಯುವ ಚಪ್ಪಟೆ ಓಟ್ಸನ್ನು ಬೇಯಿಸದೆ, ಒಣದಾಗಿಯೇ ಕೊಡಬೇಕು. ಉಪ್ಪು, ಸಕ್ಕರೆ, ಮಸಾಲೆ ಬೆರೆತ ಪೊಟ್ಟಣಗಳ ಓಟ್ಸು ಮೊಲಕ್ಕೆ ಸಲ್ಲದು. ಬೂಜು ಹಿಡಿದ ಯಾವ ಕಾಳನ್ನೂ ಹಾಕಕೂಡದು. ಬೆಲ್ಲ, ರೊಟ್ಟಿ, ಬಿಸ್ಕತ್ತು, ತೊಗರಿ ಮತ್ತು ಕಡಲೆಯ ಬೇಳೆ, ಇವೆಲ್ಲವೂ ಇದೇ ಕಾರಣದಿಂದ ವರ್ಜ್ಯ.

ನಿತ್ಯದ ಮೇವು:— ಮೊಲದ ಆಹಾರದಲ್ಲಿ ಬಹುಪಾಲು ಒಣಹುಲ್ಲಾಗಿರಬೇಕು. ಅದು ಹಗಲಿರುಳೂ ಮುಂದೆ ಇರತಕ್ಕದ್ದು. ಇದರೊಡನೆ ದಿನಕ್ಕೊಂದು ಹಿಡಿ ಗರಿಕೆ, ಕೊತ್ತಂಬರಿ, ಮೂಲಂಗಿಯ ಸೊಪ್ಪು ಮುಂತಾದವನ್ನು ತೊಳೆದು ನೀರು ಬಸಿದು ಕೊಡಬಹುದು. ಔಷಧಿ ಸಿಂಪಡಿಸಿದ ಹೊಲದ ಬದುವಿನ ಹುಲ್ಲು ಬೇಡ. ಎಳೆಯ ಜೋಳದ ಪೈರಿನಲ್ಲಿ ದನಗಳನ್ನು ಕೊಲ್ಲುವ ವಿಷವಿರುವುದು ಸರ್ವವಿದಿತ. ಮೊಲದಿಂದಲೂ ಅದನ್ನು ದೂರವಿಡತಕ್ಕದ್ದು. ಶುದ್ಧವಾದ ನೀರು ಸದಾ ದೊರೆಯಬೇಕು. ಒಂದು ಕಿಲೋಗ್ರಾಂ ದೇಹತೂಕಕ್ಕೆ ದಿನಕ್ಕೆ ೫೦ರಿಂದ ೧೫೦ ಮಿಲಿಲೀಟರ್ ನೀರನ್ನು ಮೊಲವು ಕುಡಿಯುವುದು.

ಬೇಸಗೆಯ ಎಚ್ಚರಿಕೆ:— ಕಲಬುರಗಿ ಸೀಮೆಯಲ್ಲಿ ಬೇಸಗೆಯ ಉಷ್ಣತೆಯು ೪೦ ಡಿಗ್ರಿಯನ್ನು ದಾಟುವುದು ಸಾಮಾನ್ಯ. ಮೊಲಕ್ಕೆ ೩೦ ಡಿಗ್ರಿಯ ಮೇಲೆಯೇ ಸಂಕಟವು ಪ್ರಾರಂಭವಾಗುವುದು. ಅದು ಮೇವನ್ನು ಕಡಿಮೆಮಾಡುವುದು. ಹುಲ್ಲು ಬಿಟ್ಟಿತೆಂದು ರುಚಿಗಾಗಿ ಕಾಳು ಹಾಕುವುದು ಆಗ ದೊಡ್ಡ ತಪ್ಪು. ನೆರಳು, ಗಾಳಿ, ಒದ್ದೆಮಾಡಿದ ಗೋಣಿಯ ತಟ್ಟಿನ ತಂಪು, ಇವೇ ಆಗಿನ ಔಷಧಿ. ತಗಡಿನ ಮಾಡಿನ ಕೆಳಗೆ ಗೂಡನ್ನಿಡಕೂಡದು.

ಅಪಾಯದ ಲಕ್ಷಣಗಳು:— ಅರ್ಧ ದಿವಸ ಮೇವು ಮುಟ್ಟದಿರುವುದು, ಹಿಕ್ಕೆಯು ಸಣ್ಣದಾಗುವುದು ಅಥವಾ ನಿಲ್ಲುವುದು, ಬೆನ್ನು ಬಾಗಿಸಿ ಮೂಲೆಯಲ್ಲಿ ಕೂಡುವುದು, ಹಲ್ಲು ಕಡಿಯುವುದು, ಹೊಟ್ಟೆಯುಬ್ಬರ, ನೀರಾದ ಭೇದಿ, ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣವೆನ್ನದೆ ಅಂದೇ ಪಶುವೈದ್ಯರಿಗೆ ತೋರಿಸಬೇಕು. ನಾಟಿ ಔಷಧಿಯನ್ನು ಬಾಯಿಗೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ಕೇಡಾಗುವ ಭಯವಿದೆ.

ಹಸಿರು ಓಟ್ಸು:— ಬಾವಿಯ ನೀರಿನ ಅನುಕೂಲವಿರುವ ಭೂಮಾಲೀಕರು ಓಟ್ಸನ್ನು ಹಿಂಗಾರಿಯ ಮೇವಿನ ಬೆಳೆಯಾಗಿ ಮಾಡಬಹುದು. ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಬಿತ್ತಿದರೆ ಸುಮಾರು ಎರಡು ತಿಂಗಳಿಗೆ ಮೊದಲ ಕೊಯ್ಲಿಗೆ ಬರುವುದು. ಇದು ಮುಖ್ಯವಾಗಿ ಹೈನಿನ ದನಗಳಿಗೆ ಉಪಯುಕ್ತವಾದರೂ, ಇದರ ಎಳೆಯ ಎಲೆಯನ್ನೂ ಒಣಗಿಸಿದ ಹುಲ್ಲನ್ನೂ ಮೊಲಕ್ಕೆ ಹಾಕಬಹುದು. ಅದೇ ಗಿಡದ ಕಾಳಿಗಿಂತ ಹುಲ್ಲೇ ಮೊಲಕ್ಕೆ ಹಿತಕರವೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಕಾಡಿನ ಮೊಲ:— ಕನ್ನಡದಲ್ಲಿ ಎರಡಕ್ಕೂ ಮೊಲವೆಂಬ ಒಂದೇ ಹೆಸರಿದ್ದರೂ ಕುಂಚಾವರಂ ಕಾಡಿನ ಮೊಲವು ಬೇರೊಂದು ಜಾತಿ. ಸಾಕುಮೊಲದ ಮರಿಯು ಕೂದಲಿಲ್ಲದೆ ಕಣ್ಣು ಮುಚ್ಚಿ ಹುಟ್ಟುವುದು. ಕಾಡುಮೊಲದ ಮರಿಯು ಕೂದಲು ಹೊದ್ದು ಕಣ್ಣು ತೆರೆದೇ ಹುಟ್ಟುವುದು. ತಾಯಿಯು ಮರಿಯನ್ನು ಹುಲ್ಲಿನಲ್ಲಿ ಬಿಟ್ಟುಹೋಗಿ ಹಾಲೂಡಲು ಮಾತ್ರ ಬರುವುದಾದುದರಿಂದ ಒಂಟಿಯಾಗಿ ಕಂಡ ಮರಿಯು ಅನಾಥವೆಂದು ತಿಳಿಯಕೂಡದು. ಅದನ್ನು ತಂದು ಹಾಲು, ಓಟ್ಸು ಕೊಟ್ಟು ಬದುಕಿಸುವೆವೆಂಬುದು ಬಹುಮಟ್ಟಿಗೆ ವ್ಯರ್ಥ. ಮೇಲಾಗಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಕುಂಚಾವರಂ ಅರಣ್ಯವು ೨೦೧೧ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮಕ್ಕೆ ಸೇರಿರುವುದರಿಂದ ಊರಿನ ಪ್ರಮುಖರು ಈ ವಿಷಯವನ್ನು ತಾಂಡಾಗಳಲ್ಲಿಯೂ ಶಾಲೆಗಳಲ್ಲಿಯೂ ತಿಳಿಯಪಡಿಸುವುದು ಅತ್ಯಾವಶ್ಯಕ.

ಸಾಕುಮೊಲವು ಅಲ್ಪ ಬೆಲೆಯ ಪ್ರಾಣಿಯಾಗಿರಬಹುದು. ಆದರೆ ಮೂಕಪ್ರಾಣಿಗೆ ಅಳತೆಯರಿತು ಮೇವು ಹಾಕುವ ಪಾಠವನ್ನು ಒಕ್ಕಲಿಗನ ಮಗುವು ಮೊದಲು ಕಲಿಯುವುದು ಇಂತಹ ಚಿಕ್ಕ ಪ್ರಾಣಿಯಿಂದಲೇ. ಇಂದು ಮೊಲಕ್ಕೆ ಒಂದು ಚಮಚೆಯ ಮಿತಿಯನ್ನು ಕಲಿತ ಬಾಲಕನು ನಾಳೆ ಕಣದ ರಾಶಿಯ ಬಳಿ ಕುರಿಯನ್ನು ಬಿಡಲಾರನು. ಆದುದರಿಂದ ಮನೆಯ ಹಿರಿಯರು ಮಕ್ಕಳ ಕೈಗೆ ಓಟ್ಸಿನ ಡಬ್ಬಿಯನ್ನೇ ಕೊಡದೆ, ಒಂದು ಚಮಚೆಯನ್ನು ತಾವೇ ಅಳೆದು ಕೊಟ್ಟು, ಹುಲ್ಲಿನ ಬುಟ್ಟಿಯನ್ನು ಮಾತ್ರ ಅವರ ವಶಕ್ಕೆ ಒಪ್ಪಿಸತಕ್ಕದ್ದು.